ಬೇಲಿಯ ಮೇಲಿನ ಬಿಳಿ ಗೂಬೆ

ಬೆರಿಲ್‌ಗೆ ಹನ್ನೊಂದು ಗಂಟೆಗೆ ಟೀ ಆಗಲೇಬೇಕು. ಓಡುವ ಕಾರಿನಲ್ಲಿ ಫ್ಲಾಸ್ಕು ಬಗ್ಗಿಸಿದರೆ ಟೀ ಮಡಿಲಿಗೆ ಬೀಳುತ್ತದೆ. ಅದಕ್ಕೇ ಅವಳ ಗಂಡ ಐವರ್ ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯ ಜೌಗು ಬಯಲಿನ ಪಕ್ಕ ಕಾರು ನಿಲ್ಲಿಸಿದ. ನಿಲ್ಲಿಸದೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ.

ಬೆಳಿಗ್ಗೆಯಿಂದ ಎರಡು ಚರ್ಚು, ಒಂದು ಗಾಳಿಗಿರಣಿ ನೋಡಿ ಮುಗಿದಿತ್ತು. ಅವು ಬೆರಿಲ್ ಪಾಲಿನವು. ಹಕ್ಕಿಗಳು ಐವರ್ ಪಾಲಿನವು. ಈವರೆಗೆ ಸಿಕ್ಕಿದ್ದು ಅವನ ಕೈಯಿಂದ ಚಿಪ್ಸ್ ಕಸಿದ ಕಡಲಹಕ್ಕಿ ಒಂದೇ. ಬಾಗಿಲು ತೆರೆದದ್ದೇ ತಡ, ಗಾಳಿ ಕರೆಯದ ನೆಂಟನ ಹಾಗೆ ಒಳಗೆ ನುಗ್ಗಿತು. ಐವರ್ ಇಳಿದು ದುರ್ಬೀನು ಎತ್ತಿದ.

ದೂರದ ತಂತಿಬೇಲಿಯ ಮೇಲೆ ಬೆಳ್ಳಗೆ ಏನೋ ಕೂತಿತ್ತು. ಹಿಮಗೂಬೆ! ಎಷ್ಟೋ ವರ್ಷಕ್ಕೊಮ್ಮೆ ದಾರಿ ತಪ್ಪಿ ಈ ಕಡೆ ಬರುವ ಹಕ್ಕಿ. ತಲೆ ಯೋಚಿಸುವ ಮೊದಲೇ ಬೆರಳು ಪಕ್ಷಿಸಂಘದವರಿಗೆಲ್ಲ ಸಂದೇಶ ಕಳಿಸಿಬಿಟ್ಟಿತು.

ವಸಂತದಲ್ಲಿ ಹಕ್ಕಿದ್ವೀಪಕ್ಕೆ ಹೋಗುವ ಸಂಘದ ದೋಣಿಯಲ್ಲಿ ಒಂದೇ ಸೀಟು ಉಳಿದಿತ್ತು. ವರ್ಷದ ಅಪರೂಪದ ಹಕ್ಕಿಯನ್ನು ಮೊದಲು ಕಂಡವರಿಗೆ ಆ ಸೀಟು ಎಂದು ಕಾರ್ಯದರ್ಶಿ ಹಂಫ್ರಿ ಸಾರಿದ್ದರು. ಐವರ್ ಅದಕ್ಕಾಗಿ ಬಾಯಿ ಬಾಯಿ ಬಿಡುತ್ತಿದ್ದ. ಹೋದ ವರ್ಷ ಅವನು ಎಲ್ಲರನ್ನೂ ಓಡಿಸಿಕೊಂಡು ಬಂದು ತೋರಿಸಿದ ಬಾತುಕೋಳಿ ಮರದ್ದಾಗಿತ್ತು. "ಇನ್ನೊಂದು ಸಲ ಹೀಗಾದ್ರೆ ಸಂಘದ ಕಡೆ ತಲೆ ಹಾಕ್ಬೇಡ," ಎಂದಿದ್ದರು ಹಂಫ್ರಿ.

ಗಾಳಿ ದಿಕ್ಕು ಬದಲಿಸಿತು. ಗೂಬೆಗೆ ಎರಡು ಹಿಡಿಕೆ ಬಂದವು.

"ಬೆರಿಲ್, ಅದು ಪ್ಲಾಸ್ಟಿಕ್ ಚೀಲ."

"ಬಿಸ್ಕತ್ತಿನ ಚೀಲಾನಾ? ಹಿಂದಿನ ಸೀಟಲ್ಲಿದೆ ನೋಡು."

ತಪ್ಪಾಯಿತೆಂದು ಬರೆಯಲು ಫೋನು ತೆಗೆಯುವಷ್ಟರಲ್ಲಿ, ಹತ್ತಿರದಲ್ಲೇ ಹಕ್ಕಿ ಹುಡುಕುತ್ತಿದ್ದ ಸಂಘದವರ ಕಾರುಗಳು ಸಾಲುಗಟ್ಟಿ ಬಂದವು. ಮುಂದಿನದರಿಂದ ಇಳಿದವರು ಹಂಫ್ರಿ. ನಿವೃತ್ತ ಹೆಡ್‌ಮಾಸ್ತರು, ಗಾಳಿಗೆ ಹಾರದಂತೆ ಟೋಪಿಯನ್ನು ಮಫ್ಲರಿನಿಂದ ಗಲ್ಲಕ್ಕೆ ಕಟ್ಟಿಕೊಂಡಿದ್ದರು.

"ಎಲ್ಲಯ್ಯ ಅದು?"

"ಆ ಬೇಲಿ ಮೇಲೆ... ಆದ್ರೆ ಹಂಫ್ರಿ, ನಾನೊಂದು ಮಾತು ಹೇಳ್ಬೇಕು..."

"ಬಾಯಿ ಮುಚ್ಕೊಂಡಿರು. ಹಾರಿಹೋಗತ್ತೆ."

ಅವರು ಮುಕ್ಕಾಲಿಯ ಮೇಲೆ ಹೂಡಿದ ದೂರದರ್ಶಕ ಗಾಳಿಗೆ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಹಂಫ್ರಿ ನೀರು ಸುರಿಯುವ ಕಣ್ಣನ್ನು ಅದಕ್ಕೆ ಒತ್ತಿದರು. ಐವರ್ ಬೆತ್ತದ ಏಟಿಗೆ ಕೈ ಚಾಚಿದ ಹುಡುಗನಂತೆ ನಿಂತ.

"ಗಂಡು," ಎಂದರು ಹಂಫ್ರಿ. "ವಯಸ್ಸಾಗಿದೆ. ಹಳದಿ ಕಣ್ಣು. ನನ್ನನ್ನೇ ನೋಡ್ತಿದೆ."

ಹಂಫ್ರಿಗೆ ಕಂಡ ಮೇಲೆ ಉಳಿದವರಿಗೆ ಕಾಣದೆ ಇರುತ್ತದೆಯೇ? ಒಬ್ಬ ಅದು ಕತ್ತು ತಿರುಗಿಸಿದ್ದು ನೋಡಿದ. ಇನ್ನೊಬ್ಬ ಕೊಕ್ಕಿನಲ್ಲಿ ಇಲಿ ನೋಡಿದ. ಅಷ್ಟರಲ್ಲಿ ಬೀಸಿದ ಗಾಳಿಗೆ ಚೀಲ ಬೇಲಿ ಬಿಟ್ಟು ಕಡಲಿನತ್ತ ಹೊರಟಿತು.

"ಏನು ಹಾರಾಟ ರೀ," ಎಂದ ಮೂರನೆಯವನು ಭಕ್ತಿಯಿಂದ. "ರೆಕ್ಕೆ ಬಡಿಯೋದೇ ಇಲ್ಲ."

ಹಂಫ್ರಿ ಐವರ್‌ನ ಬೆನ್ನು ತಟ್ಟಿದರು. "ದೋಣಿ ಸೀಟು ನಿಂದೇ ಕಣಯ್ಯ."

ಒದ್ದೆ ಬೂಟು ಕಳಚಿದ ಪಾದದಷ್ಟು ಹಗುರಾಗಿ ಐವರ್ ಕಾರಿಗೆ ಮರಳಿದ. ಬೆರಿಲ್ ಅವನಿಗೆ ಟೀ ಬಗ್ಗಿಸಿದಳು.

"ಅಷ್ಟು ಹೊತ್ತು ನೀವೆಲ್ಲ ಏನು ನೋಡ್ತಿದ್ರಿ?"

"ಹಿಮಗೂಬೆ."

"ಅದು ಇಲ್ಲೇ ಹಿಂದೆ ಇತ್ತಲ್ಲ. ನೀವೆಲ್ಲ ಆ ಕಡೆ ತಿರುಗಿದ್ರಿ, ಇನ್ನೂ ದೊಡ್ಡದೇನೋ ಸಿಕ್ಕಿರ್ಬೇಕು ಅಂದ್ಕೊಂಡೆ."

ಅವಳು ಫೋನಿನಲ್ಲಿ ತೆಗೆದಿದ್ದ ಫೋಟೋವನ್ನು ಅವನ ಮುಂದೆ ಹಿಡಿದಳು. ಕಾರಿನ ಪಕ್ಕದ ಗೇಟಿನ ಕಂಬದ ಮೇಲೆ ನಿಜವಾದ ಹಿಮಗೂಬೆ, ನಿದ್ದೆಗಣ್ಣಲ್ಲಿ. ಅದರಾಚೆ ಸಾಲಾಗಿ ಸಂಘದವರ ಬೆನ್ನುಗಳು. ಅವುಗಳಾಚೆ ಬೇಲಿಯ ಮೇಲೆ, ಎರಡೂ ಹಿಡಿಕೆ ಎತ್ತಿಕೊಂಡು, ಚೀಲ.

ಐವರ್ ಟೀ ಲೋಟ ಕೆಳಗಿಟ್ಟ. "ಇದನ್ನ ಯಾರಿಗೂ ತೋರಿಸ್ಬೇಡ ಮಾರಾಯ್ತಿ."

"ನಾನ್ಯಾರಿಗೆ ತೋರಿಸ್ಲಿ? ಹಂಫ್ರಿ ಹೆಂಡ್ತಿಗೆ ಮಾತ್ರ ಕಳಿಸ್ದೆ. ಅವಳ ಗಂಡನ ಬೆನ್ನು ಚೆನ್ನಾಗಿ ಬಂದಿತ್ತು."

ಮುಂದಿನ ಚರ್ಚು ಸಿಗುವ ಮೊದಲೇ ಹಂಫ್ರಿಯ ಕರೆ ಬಂತು. ಐವರ್ ಕಾರು ನಿಲ್ಲಿಸಿ ಫೋನನ್ನು ಕಿವಿಯಿಂದ ಸ್ವಲ್ಪ ದೂರವೇ ಹಿಡಿದ. ಆದರೆ ಅತ್ತಲಿನ ದನಿ ಮೆತ್ತಗಿತ್ತು.

"ಐವರ್, ಆ ಚೀಲದ ಮಾತು ನೀನೂ ಎತ್ತಬೇಡ, ನಾನೂ ಎತ್ತಲ್ಲ. ಫೋಟೋದಲ್ಲಿ ಗೂಬೆ ಒಂದನ್ನ ಉಳಿಸಿ, ಮಿಕ್ಕಿದ್ದು ಕತ್ತರಿಸಿ ಸಂಘಕ್ಕೆ ಹಾಕ್ತೀನಿ."

ಐವರ್‌ಗೆ ಹೋದ ಜೀವ ಬಂದಂತಾಯಿತು. "ದೊಡ್ಡ ಉಪಕಾರ ಆಯ್ತು, ಹಂಫ್ರಿ."

"ಆದ್ರೆ ನಿಯಮ ನಿಯಮವೇ ನೋಡು. ಹಕ್ಕೀನ ಮೊದಲು ಕಂಡಿದ್ದು ಬೆರಿಲ್."

ಐವರ್ ಫೋನು ಇಟ್ಟು, ಸ್ಟೀರಿಂಗನ್ನೇ ನೋಡುತ್ತ, ವಿಷಯ ತಿಳಿಸಿದ. ಬೆರಿಲ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಭದ್ರ ಮಾಡಿದಳು.

"ಆ ದೋಣಿಯಲ್ಲಿ ಹನ್ನೊಂದು ಗಂಟೆಗೆ ಟೀ ಕೊಡ್ತಾರಾ, ಕೇಳಿದ್ಯಾ?"