ಟವೆಲಿನ ಕೆಳಗೆ ಕಾರಿನ ಬೆಲೆ

ಚೌಕಾಸಿ ಮಾಡುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಕಮಲಾಪುರದ ಸಂತೆಯಲ್ಲಿ ಬದನೆಕಾಯಿಯವಳು ಬೆಲೆ ಹೇಳಿದರೆ, ಇಷ್ಟೇನಾ ಎಂದು ಕೇಳಿ ಅವಳನ್ನೇ ಗಾಬರಿಪಡಿಸಿದವನು ನಾನು. ಇಂಥವನು ಹೊಸಪೇಟೆಗೆ ಹೋಗಿ ಹೊಸ ಕಾರು ಕೊಳ್ಳಬೇಕಾಯಿತು. ಬೆಲೆ ಎಷ್ಟು ಇಳಿಯುತ್ತದೋ ಅಷ್ಟೂ ಅಡುಗೆಮನೆಯ ಸೋರುವ ಮಾಳಿಗೆಗೆ ಎಂದು ಹೆಂಡತಿ ಮೊದಲೇ ತೀರ್ಮಾನಿಸಿದ್ದಳು. ನನ್ನ ಯೋಗ್ಯತೆ ಬಲ್ಲವಳಾದ್ದರಿಂದ ಕಂಪ್ಲಿಯಿಂದ ತನ್ನ ತಮ್ಮ ಮಲ್ಲಪ್ಪನನ್ನೂ ಕರೆಸಿದಳು. ಎತ್ತಿನ ವ್ಯಾಪಾರದಲ್ಲಿ ಅವನದು ದೊಡ್ಡ ಹೆಸರು.

ಮೂವರೂ ಹೋದ ಶೋರೂಮಿನಲ್ಲಿ ಮೊದಲ ಆಘಾತ ಕಾದಿತ್ತು. ಫಲಕದ ಬೆಲೆಯೇ ಬೇರೆ, ಕಾಗದಕ್ಕೆ ಇಳಿದ ಬೆಲೆಯೇ ಬೇರೆ. ಸೀಟಿನ ಹೊದಿಕೆ, ವಿಮೆ ಎಲ್ಲ ಅವರಲ್ಲೇ ಕೊಳ್ಳಬೇಕಂತೆ. ಬೇಡ ಅಂದರೆ ಆರು ತಿಂಗಳು ಕಾಯಬೇಕಂತೆ. ನಾನು ಆಗಲೇ ಸಹಿಗೆ ಪೆನ್ನು ತೆಗೆದಿದ್ದೆ. ಮಲ್ಲಪ್ಪ ಮಾತ್ರ ಕಾರಿಗೆ ಎರಡು ಸುತ್ತು ಹಾಕಿ, ಎತ್ತಿನ ಮುಖ ನೋಡುವಂತೆ ಅದರ ಮುಂಭಾಗ ನೋಡಿ, "ಮಾರಿ ಭಾಳ ಸಣ್ಣದಾತು" ಎಂದು ಮೂಗು ಮುರಿದ. ಆಮೇಲೆ ಹೆಗಲ ಮೇಲಿನ ಟವೆಲು ತೆಗೆದು ಮ್ಯಾನೇಜರನ ಕೈಮೇಲೆ ಹೊದಿಸಿ, ಎತ್ತಿನ ಸಂತೆಯಲ್ಲಿ ಮಾಡುವಂತೆ, ಒಳಗೊಳಗೇ ಬೆರಳು ಹಿಡಿದು ಬೆಲೆ ಹೇಳತೊಡಗಿದ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ. ಆದರೆ ಟೈ ಕಟ್ಟಿದ ಆ ಮ್ಯಾನೇಜರು ಚೋರನೂರಿನ ರೈತರ ಮಗನಂತೆ. ತಾನೂ ಸಲೀಸಾಗಿ ಬೆರಳು ಒತ್ತಿದ.

"ಇಷ್ಟಕ್ಕ ಆಗಲ್ರಿ" ಎಂದ ಮ್ಯಾನೇಜರು.

"ಹಂಗಾರ ಇದನ್ನ ಹಿಡೀರಿ."

ಬೆಲೆ ಇಳಿದಾಗಲೆಲ್ಲ ಮಲ್ಲಪ್ಪ ಅಕ್ಕನಿಗೆ ಕಣ್ಣು ಮಿಟುಕಿಸುತ್ತಿದ್ದ. ಅರ್ಧ ಮಾಳಿಗೆ ರಿಪೇರಿಯಾದಂತೆ ಅವಳ ಮುಖ ಅರಳಿತ್ತು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ನನಗೆ ಆ ಕಾರಿನ ಮೇಲೆ ಆಗಲೇ ಜೀವ ಹತ್ತಿಬಿಟ್ಟಿತ್ತು. ಬೆಳಿಗ್ಗೆ ಹಂಪಿಯ ಗುಡಿಯಿಂದ ತಂದ ಕುಂಕುಮದ ಪೊಟ್ಟಣ ಕಿಸೆಯಲ್ಲಿತ್ತು. ಯಾರ ದೃಷ್ಟಿಯೂ ತಾಗದಿರಲಿ ಎಂದು ಬಾನೆಟ್ಟಿಗೆ ಒಂದು ಚಿಟಿಕೆ ಹಚ್ಚಿ ಕೈಮುಗಿದೆ.

ಮ್ಯಾನೇಜರು ಟವೆಲಿನಿಂದ ಕೈ ಎಳೆದುಕೊಂಡ. "ಕುಂಕುಮ ಹಚ್ಚಿದ ಮ್ಯಾಲ ಅದು ನಿಮ್ದೇ ಆತಲ್ರಿ. ಇನ್ನ ವ್ಯಾಪಾರ ಏನೈತಿ?"

ಮಲ್ಲಪ್ಪ ವಾದಕ್ಕೆ ನಿಲ್ಲುತ್ತಾನೆಂದುಕೊಂಡೆ. ಆದರೆ ಕೊಳ್ಳುವವನು ಹಣೆಗೆ ಕುಂಕುಮ ಹಚ್ಚಿದ ಎತ್ತಿನ ಬೆಲೆಯನ್ನು ಅವನು ಜನ್ಮದಲ್ಲಿ ಮಾತಾಡಿದವನಲ್ಲ. ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡ. "ಮಾಮ, ಮನಸ್ಸಿಗೆ ಬಂದೈತಿ ಅಂತ ಎತ್ತಿಗೂ ಗೊತ್ತಾಗಬಾರ್ದು" ಎಂದಷ್ಟೇ ಹೇಳಿದ. ಹೆಂಡತಿ ನನ್ನ ಕೆಂಪಾದ ಬೆರಳನ್ನೇ ನೋಡುತ್ತ ನಿಂತಳು. ಕಾಗದದಲ್ಲಿದ್ದ ಮೊದಲಿನ ಬೆಲೆಗೇ ಸಹಿ ಹಾಕಿದೆ.

ಕಾರು ಮನೆಗೆ ಬಂದ ದಿನ ಮಲ್ಲಪ್ಪನನ್ನು ಕಂಪ್ಲಿಗೆ ಬಿಡಲು ಮೂವರೂ ಹೊರಟೆವು. ಬುಕ್ಕಸಾಗರ ದಾಟಿದರೂ ಅಕ್ಕ ತಮ್ಮ ತುಟಿ ಬಿಚ್ಚಲಿಲ್ಲ. ಕಾರು ಬಹಳ ಚೆನ್ನಾಗಿ ಓಡುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ನನಗಾಗಲಿಲ್ಲ.