ನೆಟ್ಟಗಾದ ಮೀನಿನ ಬಾಲ

ಜಮಖಂಡಿಯಲ್ಲಿ ವಿಜ್ಞಾನ ಕಲಿಸುತ್ತಿದ್ದ ವೃಷಭ ಮಾಸ್ತರರು ತೇರದಾಳದ ಜೈನರ ಮನೆಯವರು. ಮೀನನ್ನು ಅವರು ಕಂಡದ್ದು ಪುಸ್ತಕದಲ್ಲಿ ಮಾತ್ರ. ಆ ಪುಟವನ್ನೂ ಉಗುರಿನ ತುದಿಯಿಂದಲೇ ಮಗುಚುತ್ತಿದ್ದರು. ಅಂಥವರಿಗೆ ಹೆಡ್‌ಮಾಸ್ತರರಿಂದ ಚೀಟಿ ಬಂತು: ಶನಿವಾರ ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಮೀನಿನ ಬಾಲದ ಎಲುಬು ತೋರಿಸಿ ಪಾಠ ಮಾಡಬೇಕು. ಮೆಚ್ಚಿದರೆ ನೌಕರಿ ಕಾಯಂ. ಇಲ್ಲದಿದ್ದರೆ ಅಪ್ಪನ ಅಂಗಡಿಯಲ್ಲಿ ಬೆಲ್ಲ ತೂಗುವುದು ಕಾಯಂ.

ಶನಿವಾರ ಬೆಳಿಗ್ಗೆ ಕೃಷ್ಣೆಯ ಅಂಬಿಗ ತೋಳುದ್ದದ ಮೀನು ತಂದುಕೊಟ್ಟ. ಮಾಸ್ತರರು ಸಾಲೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಮೂಗಿಗೆ ಧೋತರದ ತುದಿ ಕಟ್ಟಿ, ಬಾಯಲ್ಲಿ ಣಮೋಕಾರ ಮಂತ್ರ ಜಪಿಸುತ್ತ ಬಾಲ ಕುದಿಸಿದರು. ಗಾಳಿ ಚಾಡಿಕೋರನಂತೆ ವಾಸನೆಯನ್ನು ಪಕ್ಕದ ಮನೆಗೆ ಮುಟ್ಟಿಸಿತು. ಅದು ಅವರ ಸೋದರತ್ತೆ ಶಾಂತವ್ವನ ಮನೆ. ಮಾಸ್ತರರ ಊಟ, ನಿದ್ದೆ ಎರಡೂ ಅಲ್ಲೇ. ಗೋಡೆಯ ಮೇಲೆ ಶಾಂತವ್ವನ ತಲೆ ಮೂಡಿತು.

“ಏ ವೃಷಭಾ, ಏನ ಕುದಸಾಕತ್ತೀ?”

“ವಿಜ್ಞಾನ, ಅತ್ತೀ.”

“ವಿಜ್ಞಾನಕ್ಕ ಹಿಂಗ ನಾತ ಬರ್ತೈತೇನ? ಇದ ಮೊದಲು, ಇದ ಕಡೀ. ಇನ್ನೊಂದ ಮೀನ ಮುಟ್ಟಿದಿ, ನಿನ್ನ ಹಾಸಗಿ ಬೀದ್ಯಾಗ!”

“ನಿನ್ನಾಣಿ ಅತ್ತೀ, ಇದ ಕಡೀ!”

ಹತ್ತೂವರೆಗೆ ಎಲುಬು ಹಸನಾಯಿತು. ಪುಸ್ತಕ ಹೇಳಿದಂತೆಯೇ ಇತ್ತು. ಮೊಟ್ಟೆಯೊಡೆದ ಮರಿಯಲ್ಲಿ ಬೆನ್ನಿನ ದಂಡ ಕೋಲಿನಂತೆ ನೆಟ್ಟಗಿರುತ್ತದೆ. ಬೆಳೆದಂತೆ ತುದಿ ಮೇಲಕ್ಕೆ ಬಾಗಿ, ಕೆಳಗಿನ ಎಲುಬುಗಳು ಬೀಸಣಿಕೆಯಂತೆ ಹರಡಿ ಬಾಲವನ್ನು ಹೊರುತ್ತವೆ. ಹೊರಗೆ ಬಾಲ ಹೆಡ್‌ಮಾಸ್ತರರ ಮೀಸೆಯಂತೆ ಎರಡೂ ಕಡೆ ಸರಿಸಮ; ಒಳಗೆ ಡೊಂಕು. ಮಾಸ್ತರರು ಅದನ್ನು ವರ್ಗದ ಕಿಟಕಿಯಲ್ಲಿ ಬಟ್ಟೆ ಮುಚ್ಚಿ ಒಣಗಲಿಟ್ಟು ಸ್ನಾನಕ್ಕೆ ಹೋದರು. ಒಂದು ಸ್ನಾನಕ್ಕೆ ಮನಸ್ಸು ಒಪ್ಪಲಿಲ್ಲ, ಐದು ಮಾಡಿದರು.

ಊಟ ಮುಗಿಸಿ ಬರುವಷ್ಟರಲ್ಲಿ ಮೂರು ಹೊಡೆದು, ಸಾಹೇಬರು ವರ್ಗದಲ್ಲಿ ಕೂತಿದ್ದರು. ಮಾಸ್ತರರು ಎಲುಬಿನ ಮೇಲಿನ ಬಟ್ಟೆ ಸರಿಸಿದರು. ಡೊಂಕು ತುದಿ ಬಡಿಗೆಯಂತೆ ನೆಟ್ಟಗಾಗಿತ್ತು!

ಸಾಲೆಯ ಸಿಪಾಯಿ ಅಮಸಿದ್ದಪ್ಪ ಬಳಿ ಬಂದು ಪಿಸುಗುಟ್ಟಿದ. ಅವನದು ಕುರಿಗಳ ಮುರಿದ ಕಾಲು ಕೂಡಿಸುವ ಮನೆತನ. “ಮಾಸ್ತರ, ಎಲಬ ಸೊಟ್ಟ ಕೂಡಿತ್ರಿ. ಬಿಸಿನೀರಾಗ ನೆನಸಿ, ಬಿದರ ಕಡ್ಡಿ ಕಟ್ಟಿ, ಅಂಟ ಹಚ್ಚಿ ನೆಟ್ಟಗ ಮಾಡೀನ್ರಿ. ನಮ್ಮ ದೇವರು ಬೀರಪ್ಪ ನಿಮ್ಮ ಮಾನ ಉಳಿಸ್ಯಾನ.”

ಅಷ್ಟರಲ್ಲಿ ಸಾಹೇಬರ ಕನ್ನಡಕ ಎಲುಬಿಗೆ ತಾಗುವಷ್ಟು ಬಾಗಿತ್ತು.

“ಅಬಬಬಾ! ತೋಳಿನುದ್ದ ಮೀನ, ಬಾಲ ಮಾತ್ರ ನಿನ್ನೆ ಹುಟ್ಟಿದ ಮರೀದು! ಇಂಥಾದ್ದ ನಾ ಎಲ್ಲೂ ನೋಡಿಲ್ಲ!”

“ಸಾಹೇಬ್ರ, ಅದು...”

“ಹೆಡ್‌ಮಾಸ್ತರ, ಇಂಥಾ ಮನಷಾನ್ನ ಇನ್ನೂ ಕಾಯಂ ಮಾಡಿಲ್ಲೇನ್ರಿ?” ಸಾಹೇಬರು ಕಾಗದಕ್ಕೆ ಸಹಿ ಜಡಿದೇಬಿಟ್ಟರು. ಮಾಸ್ತರರ ಬಾಯಿಯವರೆಗೆ ಬಂದಿದ್ದ ಸತ್ಯ ಬಿಸಿ ಝುಣಕದ ತುತ್ತಿನಂತೆ ಗಂಟಲಲ್ಲಿ ಇಳಿದುಹೋಯಿತು.

ಹೊರಡುವಾಗ ಸಾಹೇಬರು ಸಾಲೆಗೆಲ್ಲ, ಗೋಡೆಯಾಚೆಗೂ ಕೇಳುವಂತೆ ಹೇಳಿದರು: “ಒಂದ ಬಾಲ ತೋರಿಸಿದ್ರ ಯಾರೂ ನಂಬೂದಿಲ್ಲ. ಪ್ರತಿ ಶನಿವಾರ ಒಂದ ಮೀನ, ನಿಮ್ಮ ಕೈಲೇ ಕುದಿಸಿ, ವರ್ಷತನಕ ಕಳಸ್ರಿ. ಎಲ್ಲಾ ಹಿಂಗ ನೆಟ್ಟಗಿದ್ರ ಪುಸ್ತಕದಾಗ ನಿಮ್ಮ ಹೆಸರು!”

“ಇರದಿದ್ರ, ಸಾಹೇಬ್ರ?”

“ನನಗ ಮೋಸ ಮಾಡೀರಿ ಅಂತ ಆತು. ಸಹಿ ಅಳಸಾಕ ನನಗ ಬರ್ತೈತಿ!” ಎಂದು ನಗುತ್ತ ಟಾಂಗಾ ಹತ್ತಿದರು.

ಮಾಸ್ತರರು ಹಿತ್ತಲಿಗೆ ಬಂದು ನಿಂತರು. ಗೋಡೆಯಾಚೆಯಿಂದ ಏನೋ ಹಾರಿಬಂದು ಧೊಪ್ಪೆಂದು ಕಾಲ ಬಳಿ ಬಿತ್ತು. ಸುತ್ತಿದ ಹಾಸಿಗೆ.

ಅಮಸಿದ್ದಪ್ಪ ಅದರ ಧೂಳು ಕೊಡವಿ ಹೆಗಲಿಗೇರಿಸಿಕೊಂಡ.

“ಯಾಕ ಚಿಂತಿ ಮಾಡ್ತೀರಿ ಮಾಸ್ತರ? ನೀವ ಕುದಿಸ್ಕೋತ ಇರ್ರಿ, ನಾ ನೆಟ್ಟಗ ಮಾಡ್ಕೋತ ಇರ್ತೇನಿ.”