ಇಲಿಮನೆಯಲ್ಲಿ ಒಂದೆಲಗ

ನಾನು ಸುಮ್ಮನೆ ಮೂಲೆಯಲ್ಲಿ ಕೂತಿದ್ದರೂ ನಗೆಪಾಟಲಿನ ಪ್ರಸಂಗಗಳು ನನ್ನ ವಿಳಾಸ ಹುಡುಕಿಕೊಂಡು ಬರುತ್ತವೆ. ಎಂಬತ್ತರ ದಶಕದಲ್ಲಿ ಕೋಲಾರದ ಒಂದು ಕಾಲೇಜಿನ ಇಲಿಮನೆಗೆ ನಾನೇ ಅಧಿಪತಿ. ಪಂಜರ ತೊಳೆಯೋದು, ಕಾಳು ಹಾಕೋದು, ನೀರಿಡೋದು. ಒಟ್ಟಿನಲ್ಲಿ ದೇಶದ ವಿಜ್ಞಾನ ನನ್ನೆರಡು ಕೈಮೇಲೆ ನಿಂತಿತ್ತು. ಹಳ್ಳಿಗಳಲ್ಲಿ ಮೂರ್ಛೆರೋಗಕ್ಕೆ ಕೊಡುವ ಒಂದೆಲಗದ ಸೊಪ್ಪು ನಿಜಕ್ಕೂ ಕೆಲಸ ಮಾಡುತ್ತಾ ಅಂತ ನಮ್ಮ ಪ್ರೊಫೆಸರು ಇಲಿಗಳ ಮೇಲೆ ಪರೀಕ್ಷೆ ನಡೆಸುತ್ತಿದ್ದರು.

"ಈ ಪರೀಕ್ಷೆ ಮುಗಿದ ದಿನ ಇಲಿಮನೆಗೆ ಬೀಗ ಕಣಯ್ಯ. ಆಮೇಲೆ ನೀನು ಹಾಯಾಗಿ ಊರಿಗೆ ಹೋಗು" ಅಂದಿದ್ದರು.

ಊರು ಮಾಲೂರು. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಬಾಗಿಲು ತಟ್ಟೋನೂ ನಾನೇ, "ಯಾರದು?" ಅಂತ ಕೇಳೋನೂ ನಾನೇ. ಈ ಇಲಿಮನೆಯಲ್ಲಾದರೋ ನನ್ನ ಹೆಜ್ಜೆ ಸದ್ದಿಗೆ ಇಲಿಗಳೆಲ್ಲ ಪಂಜರದ ಅಂಚಿಗೆ ಓಡಿಬರುತ್ತಿದ್ದವು. ಪರೀಕ್ಷೆ ಮುಗಿಯದಿರಲಿ ಅಂತ ನಾನು ಹರಕೆ ಹೊರದ ದೇವರಿಲ್ಲ.

ಬಸ್ಸಿನಲ್ಲಿ ಬಂದ ಸೊಪ್ಪು

ಸೊಪ್ಪು ಸಿಗುತ್ತಿದ್ದದ್ದು ಮುಳಬಾಗಿಲ ಹತ್ತಿರ, ದೇವರಾಯಸಮುದ್ರದ ಕೆರೆ ಅಂಚಿನಲ್ಲಿ. ಅಲ್ಲೊಬ್ಬ ಅಜ್ಜಿ ಕಿತ್ತು ಕೊಡುತ್ತಿದ್ದಳು. ಮೊದಲ ಸಲ ಚೀಲ ತುಂಬಿಸಿಕೊಂಡು ಬಸ್ಸು ಹತ್ತಿದೆ.

"ಏನಣ್ಣಾ ಅದು?" ಅಂದ ಪಕ್ಕದವನು.

"ಒಂದೆಲಗ! ಇದರ ಚಟ್ನಿ ತಿಂದು ನಮ್ಮ ತಾತ, ತಾನು ಹುಟ್ಟಿದಾಗ ಹೊರಗೆ ಮಳೆ ಹುಯ್ತಿತ್ತು ಅಂತ ಜ್ಞಾಪಿಸಿಕೊಂಡ."

"ಹಂಗಾದ್ರೆ ಒಂದು ಹಿಡಿ ಕೊಡಣ್ಣ, ನಮ್ಮ ಹುಡುಗ ಎಸ್ಸೆಸ್ಸೆಲ್ಸಿ."

ಹಿಂದಿನ ಸೀಟಿನಾಕೆಯೂ ಕೈ ಚಾಚಿದಳು. "ನಂಗೂ ಇರಲಿ. ನಮ್ಮತ್ತೆ ಕಣ್ಣಿಗೆ ಮಾತ್ರ ಬೀಳಬಾರದು, ಅವರಿಗೆ ಈಗ್ಲೇ ಎಲ್ಲಾ ಜ್ಞಾಪಕ ಇದೆ."

ಬಸ್ಸಿಗೆ ಬಸ್ಸೇ ನನ್ನ ಜೊತೆ ಮಾತಾಡಿತು. ಅಷ್ಟು ಜನ ನನ್ನನ್ನು 'ಅಣ್ಣ' ಅಂದು ಎಷ್ಟು ಕಾಲವಾಗಿತ್ತೋ! ಒಂದೊಂದು 'ಅಣ್ಣ'ನಿಗೂ ಒಂದೊಂದು ಹಿಡಿ. ಕೋಲಾರದಲ್ಲಿ ಇಳಿದಾಗ ಚೀಲ ಮಡಚಿ ಜೇಬಿಗಿಡಬಹುದಿತ್ತು.

"ಸೊಪ್ಪೆಲ್ಲಯ್ಯ?" ಅಂದರು ಪ್ರೊಫೆಸರು.

"ಇಲಿ ಯಾಕೆ ಸಾರ್? ನೇರವಾಗಿ ಜನರ ಮೇಲೇ ಪರೀಕ್ಷೆ ಶುರು ಮಾಡಿಬಿಟ್ಟೆ!"

ತುಕ್ಕು ಬಿಡಿಸಿದ್ದು

ಪ್ರೊಫೆಸರು ಇನ್ನೊಂದು ವಿಷಯವನ್ನೂ ನೋಡುತ್ತಿದ್ದರು. "ನಾವು ಉಸಿರಾಡೋ ಗಾಳಿಯಿಂದಲೇ ಮೈಯೊಳಗೆ ಒಂಥರಾ ತುಕ್ಕು ಹಿಡಿಯುತ್ತಯ್ಯ. ಈ ಸೊಪ್ಪು ಅದನ್ನ ತಡೆಯುತ್ತಾ ಅಂತ ನೋಡಬೇಕು" ಅಂದರು. ಶ್ರೀನಿವಾಸಪುರದಲ್ಲಿ ಒಂದು ಮದುವೆಗೆ ಹೋದಾಗ ನಾನು ಇದನ್ನೇ ಸ್ವಲ್ಪ ಉಪ್ಪುಖಾರ ಹಾಕಿ ಹೇಳಿದೆ. ಅದೇ ವಾರ ಅಲ್ಲಿನ ಮಾವಿನ ತೋಟದವನೊಬ್ಬ ಪಂಪ್‌ಸೆಟ್ಟಿನ ಬೋಲ್ಟು ಹಿಡಿದು ಬಂದೇಬಿಟ್ಟ. ಅದರ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ವಾಪಸ್ ಕಳಿಸೋಕೆ ಮನಸ್ಸು ಬರಲಿಲ್ಲ. "ರಸದಲ್ಲಿ ನೆನೀಲಿ, ಕೂತ್ಕೊಳ್ಳಿ" ಅಂತ ಸಂಜೆವರೆಗೂ ಹಿಡಿದಿಟ್ಟುಕೊಂಡು ಮಾತಾಡಿದೆ. ಕೊನೆಗೆ ನಟ್ಟು ಗಿರ್ರನೆ ತಿರುಗಿತು! ಆತ ಸೊಪ್ಪಿಗೆ ಕೈಮುಗಿದು ಹೋದ.

ಅವನು ಟೀಗೆ ಎದ್ದಾಗ ನಾನು ಎರಡು ತೊಟ್ಟು ಸೀಮೆಎಣ್ಣೆ ಬಿಟ್ಟಿದ್ದೆ. ಸೊಪ್ಪಿನ ಮರ್ಯಾದೆ ಪ್ರಶ್ನೆ ನೋಡಿ!

ಪಂಕ್ತಿ

ಕೊನೆಗೂ ಕೊನೆಯ ಪರೀಕ್ಷೆಯ ದಿನ ಬಂತು. ಪ್ರೊಫೆಸರ ಮೇಜಿನ ಮೇಲೆ ಹೊಸ ಬೀಗ ಹೊಳೆಯುತ್ತಿತ್ತು. ಅವತ್ತು ಅಜ್ಜಿಯೇ ಸೊಪ್ಪು ಹೊತ್ತು ಬಂದಿದ್ದಳು, ತನ್ನ ಸೊಪ್ಪನ್ನ ಏನು ಮಾಡ್ತಾರೆ ಅಂತ ನೋಡಲು.

"ಏನ್ಲಾ, ಈ ಸಾಲಿಗೆ ಸೊಪ್ಪಿನ ರಸ, ಆ ಸಾಲಿಗೆ ಬರೀ ನೀರು?"

"ಅದೇ ಪರೀಕ್ಷೆ ಅಜ್ಜಿ. ಆಮೇಲೆ ಎಲ್ಲದಕ್ಕೂ ಮೂರ್ಛೆ ಬರೋ ಸೂಜಿ ಚುಚ್ತಾರೆ. ಸೊಪ್ಪು ತಿಂದಿದ್ದು ಉಳ್ಕೊಳ್ಳುತ್ತಾ, ನೀರು ಕುಡಿದಿದ್ದು ಬೀಳುತ್ತಾ ಅಂತ ನೋಡ್ತಾರೆ."

"ಅಯ್ಯೋ ಪಾಪಮು!" ಅಂದಳು ಅಜ್ಜಿ.

ನಾನು ಅವಳಿಗೆ ಟೀ ತರಲು ಹೋದೆ. ಬಂದಾಗ ಸೆರಗಿಗೆ ಕೈ ಒರೆಸಿಕೊಂಡು ತೆಪ್ಪಗೆ ಸ್ಟೂಲಿನ ಮೇಲೆ ಕೂತಿದ್ದಳು.

ಪ್ರೊಫೆಸರು ಸೂಜಿ ಚುಚ್ಚಿದರು. ಸೊಪ್ಪಿನ ಸಾಲು ಗಟ್ಟಿಯಾಗಿ ನಿಂತಿತು. ನೀರಿನ ಸಾಲೂ ನಿಂತಿತು. ಅಷ್ಟೇ ಅಲ್ಲ, ಮೀಸೆ ತೀಡಿಕೊಂಡಿತು. ಪ್ರೊಫೆಸರು ಸೂಜಿಯನ್ನೇ ತಿರುಗಿಸಿ ಮುರುಗಿಸಿ ನೋಡಿದರು.

"ಬರೀ ನೀರಿಗೂ ಮೂರ್ಛೆ ನಿಲ್ಲುತ್ತೇನಯ್ಯ?"

"ಕೋಲಾರದ ನೀರು ಸಾರ್" ಅಂತ ನಾನು ಎದೆಯುಬ್ಬಿಸಿದೆ.

"ನೀರಲ್ಲ ಸ್ವಾಮಿ" ಅಂದಳು ಅಜ್ಜಿ. "ಒಂದೇ ಪಂಕ್ತೀಲಿ ಕೂರ್ಸಿ ಅರ್ಧ ಜನಕ್ಕೆ ಬಡಿಸಿ ಅರ್ಧ ಜನಕ್ಕೆ ಬಿಟ್ರೆ ಪಾಪ ಸುತ್ಕೊಳಲ್ವಾ? ಅದಕ್ಕೇ ಆ ಸಾಲಿಗೂ ನಾನೇ ರಸ ಹಿಂಡಿದೆ."

ಪ್ರೊಫೆಸರು ತಲೆಮೇಲೆ ಕೈಹೊತ್ತು ಕೂತರು. "ಎಲ್ಲಾ ಮೊದಲಿಂದ ಮಾಡಬೇಕು. ಹೊಸ ಇಲಿ, ಹೊಸ ಸೊಪ್ಪು. ಇನ್ನೊಂದು ವರ್ಷ ಈ ಮನೆಗೆ ಬೀಗ ಹಾಕೋ ಹಾಗಿಲ್ಲ. ಈ ಅಜ್ಜೀನ ಇನ್ನೊಂದು ಸಲ ಒಳಗೆ ಬಿಟ್ಟೆಯೋ, ನೋಡು!"

"ಖಂಡಿತ ಬಿಡಲ್ಲ ಸಾರ್" ಅಂತ ಸಾವಿನ ಮನೆಯ ಮುಖ ಮಾಡಿಕೊಂಡು ಹೇಳಿದೆ. ಆ ಮುಖವನ್ನು ಬಸ್‌ಸ್ಟ್ಯಾಂಡಿನವರೆಗೂ ಹೇಗೋ ಕಾಪಾಡಿಕೊಂಡೆ. ಅಜ್ಜಿಯನ್ನು ಮುಳಬಾಗಿಲ ಬಸ್ಸು ಹತ್ತಿಸಿ, ಕಾಲಿಗೆ ಬಿದ್ದು, ಕಿವಿಯಲ್ಲಿ ಹೇಳಿದೆ:

"ಈ ಸಲದ್ದು ಮುಗಿಯೋ ಹೊತ್ತಿಗೆ ತಪ್ಪದೆ ಬಂದ್ಬಿಡಜ್ಜಿ. ಮತ್ತೆ ಅರ್ಧ ಜನಕ್ಕೆ ಬಡಿಸದೆ ಕೂರ್ಸಿರ್ತೀವಿ."